ಹಳೇ ಚರ್ಚಿನ ಗಾಜು ಕೆಳಕ್ಕೆ ಹರಿಯುತ್ತಾ?

‘ಗಾಜು ಅಸಲಿಗೆ ದ್ರವ. ಅದಕ್ಕೇ ಯುರೋಪಿನ ಹಳೇ ಚರ್ಚುಗಳ ಕಿಟಕಿ ಗಾಜು ನಿಧಾನಕ್ಕೆ ಇಳಿದು ಬುಡದಲ್ಲಿ ದಪ್ಪಗಾಗಿದೆ’ ಅನ್ನುವ ಫಾರ್ವರ್ಡ್ ಓಡಾಡುತ್ತಿದೆ. ಇದು ನಿಜವಲ್ಲ.

ದಪ್ಪ ಹೆಚ್ಚುಕಮ್ಮಿ ಆಗಿದ್ದು ಕುಲುಮೆಯ ಹತ್ತಿರವೇ. ಆಗ ಗಾಜನ್ನು ಕೊಳವೆಯಿಂದ ಊದಿ, ಗರಗರ ತಿರುಗಿಸಿ ತಟ್ಟೆಯಂತೆ ಅಗಲಿಸುತ್ತಿದ್ದರು. ಇಲ್ಲವೇ ಉದ್ದಕ್ಕೆ ಊದಿ, ಸೀಳಿ, ಹಾಸುತ್ತಿದ್ದರು. ಎಲ್ಲ ಕಡೆ ಒಂದೇ ದಪ್ಪ ಎಲ್ಲಿಂದ ಬರಬೇಕು? ದಪ್ಪ ಅಂಚು ಮೇಲೆ, ಪಕ್ಕಕ್ಕೆ ಇರುವ ತುಂಡುಗಳೂ ಸಿಗುತ್ತವೆ. ಹರಿದಿದ್ದರೆ ಹಾಗಿರುತ್ತಿರಲಿಲ್ಲ, ಅಲ್ವಾ?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅನ್ನುವ ಹಳೇ ಚರ್ಚಿನ ಗಾಜಿನ ಮಿಶ್ರಣವನ್ನೇ ಹೋಲುವ ಗಾಜನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 100 ಕೋಟಿ ವರ್ಷಕ್ಕೆ 1 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಹರಿದರೆ ಅದೇ ಜಾಸ್ತಿ!

ಕೆಲವು ಕಿಟಕಿಗಳು ಉಬ್ಬಿರುವುದು ಮಾತ್ರ ಸುಳ್ಳಲ್ಲ. ಅಲ್ಲಿ ಸೋಲುವುದು ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿ. ಅದು ತೀರಾ ಹಾಳಾಗಿದ್ದರೆ ದುರಸ್ತಿಯವರು ಬಿಚ್ಚಿ, ಹಳೇ ಗಾಜನ್ನೇ ಹೊಸ ಸೀಸಕ್ಕೆ ಕೂರಿಸುತ್ತಾರೆ.