ಹನ್ನೆರಡನೇ ಶಾಲು

ನಿನ್ನಿ ರಾತ್ರಿ ನಿದ್ದಿ ಬಂದಿಲ್ಲ. ಅದಕ್ಕ ಉದ್ದ ಬರೀಲತ್ತೀನಿ. ಓದೋರು ಓದ್ರಿ, ಇಲ್ಲಂದ್ರ ಲೈಕ್ ಒತ್ತಿ ಮುಂದ ಹೋಗ್ರಿ, ಹೆಂಗೂ ಅದೇ ಮಾಡ್ತೀರಿ.

ಅಕ್ಕನ ಮಗಳ ಸ್ಕೇಟಿಂಗ್ ಶೋ ಇತ್ತು. ನಮ್ಮ ಕಲಬುರಗ್ಯಾಗ ಐಸ್ ಅಂದ್ರ ಕಬ್ಬಿನ ಹಾಲಿನ ಬಂಡಿ ಮ್ಯಾಲ ಗೋಣಿಚೀಲದಾಗ ಸುತ್ತಿ ಇಟ್ಟಿದ್ದಷ್ಟೇ, ಹಿಂಗಾಗಿ ಇದು ಗಾಲಿ ಸ್ಕೇಟಿಂಗು. ಶರಣಬಸವೇಶ್ವರ ಅಪ್ಪನ ಜಾತ್ರಿ ಮುಗಿದ ವಾರ. ಸಂಜಿ ಏಳಾದ್ರೂ ಸಿಮೆಂಟ್ ನೆಲ ಝಳ ಹೊಡೀಲತ್ತಿತ್ತು. ಟಿಕೆಟ್ 200 ರೂಪಾಯಿ. ಸುತ್ತ ಸ್ಪಾನ್ಸರ್ ಫ್ಲೆಕ್ಸು, ಯೂಟ್ಯೂಬ್ ಲೈವು, ಮ್ಯಾಲೊಂದು ಡ್ರೋನ್ ಬ್ಯಾರೆ.

ಆರನೇ ಐಟಮ್ಮಿಗೆ ಹತ್ತು-ಹನ್ನೊಂದು ವರ್ಷದ ಹುಡುಗಿ, ನಮ್ಮಕಿ ಅಲ್ಲ, ಬಿಳಿ ಫ್ರಾಕಿನಾಗ ಬಂದು ನಿಂತಳು. ಹಾಡು ಹತ್ತಿತು. ಕಡಕೋಳ ಮಡಿವಾಳಪ್ಪನ ತತ್ವಪದ! ಮೊದಲ ಏಕತಾರಿ, ಹಿಂದಿಂದ ದಮ್ಮಡಿ, ಆಮ್ಯಾಲ ಪೇಟಿ, ಅಂದ್ರ ಹಾರ್ಮೋನಿಯಂ. ಆ ಹುಡುಗಿ ಒಂದೇ ಕಾಲ ಮ್ಯಾಲ ಹಿಂದಕ್ಕ ಜಾರಿಕೋತ ಹೋದಾಗ ನನ್ನ ಮೈಮ್ಯಾಲ ಮುಳ್ಳೆದ್ದವು. ಖರೇ ಹೇಳ್ತೀನಿ, ತತ್ವಪದಕ್ಕ ಗಾಲಿ ಕಟ್ಟಿದ್ರ ಹಿಂಗ ಹರೀತದ ಅಂತ ನಾ ಕನಸಿನಾಗೂ ಅಂದುಕೊಂಡಿದ್ದಿಲ್ಲ.

ಎರಡನೇ ನುಡಿ ಮುಗಿಯೋ ಹೊತ್ತಿಗೆ ಪೇಟಿ ಸಣ್ಣಗ ‘ಕಿರ್’ ಅಂತು.

ಆ ‘ಕಿರ್’ ನಂದು. ಗಾಳಿ ಹಾಕೋ ಹಲಗಿ ಸಂದ್ಯಾಗ ತೊಗಲು ಹರಿದಿತ್ತು, ಫೆವಿಕಾಲ್ ಹಚ್ಚಿ ಹಂಗೇ ರೆಕಾರ್ಡಿಂಗಿಗೆ ಕೂತಿದ್ದೆ. ಐದು ಮಂದಿ ಗೆಳೆಯರು ತಲಾ ಎರಡು ಸಾವಿರ ಹಾಕಿ ಮಾಡಿದ್ದು ಅದು. ಇನ್ನೊಂದು ಟೇಕ್ ತಗೋಳಾಕ ರೊಕ್ಕ ಉಳಿದಿದ್ದಿಲ್ಲ. ಈ ‘ಕಿರ್’ ಕೇಳಿ ತಬಲಾದವ ಇವತ್ತಿಗೂ ನನ್ನ ಕಾಡ್ತಾನ.

ಕೊನಿಗೆ ಆಭಾರ ಮನ್ನಣಿ. ಶಾಮಿಯಾನದವರಿಗೆ ಧನ್ಯವಾದ, ಸೌಂಡ್ ಸಿಸ್ಟಮಿನವರಿಗೆ ಧನ್ಯವಾದ, ಡ್ರೆಸ್ ಹೊಲಿದವರಿಗೆ, ಉಪ್ಪಿಟ್ಟು ಮಾಡಿದವರಿಗೆ, ನೀರಿನ ಕ್ಯಾನ್ ತಂದವಂಗೂ. ಅವರಿಗೆಲ್ಲ ಧನ್ಯವಾದದ ಕೂಡ ರೊಕ್ಕಾನೂ ಮುಟ್ಟ್ಯದ, ಮುಟ್ಟಲೇಬೇಕು. ಹಾಡಿಂದು? ‘ಸಂಗೀತ: ಜಾನಪದ’ ಅಂದ ಮೈಕಿನವ. ಜಾನಪದ ಅನ್ನೋ ಮನಷ್ಯಾನ ಬ್ಯಾಂಕ್ ಅಕೌಂಟ್ ಯಾರರೆ ನೋಡೀರೇನು?

ನಡೆಸಿದವರ ಹತ್ತಿರ ಹೋದೆ.

“ಅಯ್ಯೋ, ನಿಮ್ದಾ ಸರ್? ಯೂಟ್ಯೂಬಿನಾಗ ಸಿಕ್ತು, ಇಳಿಸಿಕೊಂಡ್ವಿ. ಮಡಿವಾಳಪ್ಪನ ಪದ ಅಲ್ರಿ ಅದು, ಯಾರ ಸ್ವತ್ತು ಹೇಳ್ರಿ?”

“ಪದ ಯಾರ ಸ್ವತ್ತೂ ಅಲ್ಲ. ಆ ಪೇಟಿ ನಂದು.”

“ತಡೀರಿ ಸರ್, ಸ್ಟೇಜ್ ಮ್ಯಾಲ ಕರದು ಶಾಲು ಹೊದಿಸಿಬಿಡ್ತೀವಿ.”

ನಮ್ಮ ಮನ್ಯಾಗ ಹನ್ನೊಂದು ಶಾಲು ಅವ. ಗೊತ್ತಿದ್ದವರಿಗೆ ಗೊತ್ತದ. ಒಂದು ಪೇಟಿಗೆ ಹೊದಿಸೀನಿ, ಒಂದು ಇಸ್ತ್ರಿ ಮಾಡೋ ಮೇಜಿನ ಮ್ಯಾಲ ಅದ, ಉಳಿದವು ಟ್ರಂಕಿನಾಗ. ಇಪ್ಪತ್ತು ವರ್ಷದ ಗಳಿಕಿ! ಕಲಬುರಗಿ ಬಿಸಲಾಗ ಉಣ್ಣಿ ಶಾಲು ಕೊಡೋರ ಬುದ್ಧಿಗೆ ಏನನ್ನಬೇಕೋ. ಮತ್ತ ನಿನ್ನಿ ಏನು ಮಾಡ್ದಿ ಅಂತೀರಿ? ಹೊದ್ದುಕೊಂಡೆ. ನಾಲ್ಕು ಮಂದಿ ಎದುರಿಗೆ ಬ್ಯಾಡ ಅನ್ನೋ ಧೈರ್ಯ ಆಗಲಿಲ್ಲ. ಫೋಟೊದಾಗ ನಗಲತ್ತೀನಿ, ಅದೇ ಈಗ ಹೊಟ್ಯಾಗ ಉರೀಲತ್ತದ.

ಇದು ನಮ್ಮೂರ ಸಣ್ಣತನ ಅಂತ ತಿಳ್ಕೋಬ್ಯಾಡ್ರಿ. 2022ರ ಬೀಜಿಂಗ್ ಒಲಿಂಪಿಕ್ಸಿನಾಗ ಅಲೆಕ್ಸಾ ನಿಯೆರಿಮ್, ಬ್ರಾಂಡನ್ ಫ್ರೇಜರ್ ಅನ್ನೋ ಅಮೆರಿಕದ ಜೋಡಿ ಒಂದು ಹಳೇ ಜಾನಪದ ಹಾಡಿಗೆ ಐಸ್ ಸ್ಕೇಟಿಂಗ್ ಮಾಡಿದ್ರು. ಕಟ್ಟಿದವರು ಯಾರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಥೇಟ್ ನಮ್ಮ ಸೋಬಾನದ ಹಂಗ. ಆದ್ರ ಅವರು ಹಾಕ್ಕೊಂಡ ರೆಕಾರ್ಡಿಂಗು ‘ಹೆವಿ ಯಂಗ್ ಹೀದನ್ಸ್’ ಅನ್ನೋ ಹೆಸರಿನಾಗ ಸಂಗೀತ ಮಾಡೋ ಅಣ್ತಮ್ಮರದು. ಅವರು ಟೀವಿ ಕಂಪನಿ ಮ್ಯಾಲ, ಸ್ಕೇಟಿಂಗ್ ಸಂಸ್ಥಿ ಮ್ಯಾಲ, ಆ ಜೋಡಿ ಮ್ಯಾಲ ಕೇಸ್ ಹಾಕಿದ್ರು. ಆಮ್ಯಾಲ ರಾಜಿ ಆಯ್ತು. ನೋಡ್ರಿ, ಪದ ಊರಿಂದು, ರೆಕಾರ್ಡು ನುಡಿಸಿ ಮಾಡಿದವಂದು. ಇಷ್ಟು ಸಾದಾ ಮಾತು ನಾ ನಿನ್ನಿ ಹೇಳಿದ್ರ ಸೊಕ್ಕು ಅನಿಸ್ತು ಅವರಿಗೆ.

ಮೊದಲ ಈ ತಕರಾರು ಇಷ್ಟಿದ್ದಿಲ್ಲ ಅಂತೀನಿ. ಒಬ್ಬೊಬ್ಬರೇ ಆಡೋ ಸ್ಪರ್ಧಿಯಾಗ, ಜೋಡಿ ಸ್ಪರ್ಧಿಯಾಗ ಸಾಹಿತ್ಯ ಇರೋ ಹಾಡು ನಡೀತಿದ್ದಿಲ್ಲ, ಬರೇ ವಾದ್ಯ. ಅದರಾಗ ಭಾಳಷ್ಟು ಯಾವಾಗೋ ತೀರಿಕೊಂಡ ಯುರೋಪಿನ ಪಂಡಿತರದು. 2014ರ ಹಂಗಾಮಿನಿಂದ ಹಾಡೂ ನಡೀತದ ಅಂದ್ರು. ಬದುಕಿದ್ದವರ ಹಾಡು ಮೈದಾನಕ್ಕ ಬಂದ್ವು, ಬದುಕಿದ್ದವರು ನಮ್ಮ ಪಾಲು ಎಲ್ಲಿ ಅಂತ ಕೇಳಿದ್ರು. ಸತ್ತವರು ಕೇಳಲ್ಲ ನೋಡ್ರಿ, ಅದಕ್ಕ ಎಲ್ಲರಿಗೂ ಸತ್ತವರ ಮ್ಯಾಲ ಭಾರಿ ಪ್ರೀತಿ.

ಈಗ ಕೆಲವರು ಅಂತೀರಿ, ಗೊತ್ತದ: “ಹಿಂಗ ಲೈಸೆನ್ಸು ಕೇಳಿಕೋತ ಹೋದ್ರ ಸಣ್ಣ ಕೂಸು ಕುಣಿಯೋದು ಹೆಂಗ?” 2026ರ ಫೆಬ್ರವರಿ ಮಿಲಾನ್ ಒಲಿಂಪಿಕ್ಸಿಂದು ಉದಾಹರಣಿನೂ ಕೊಡ್ತೀರಿ. ಗ್ವಾರಿನೊ ಸಬಾಟೆ ಅನ್ನೋ ಸ್ಪೇನಿನ ಹುಡುಗ ಹಳದಿ ಅಂಗಿ, ನೀಲಿ ಡುಂಗರಿ ಹಾಕ್ಕೊಂಡು ಮಿನಿಯನ್ಸ್ ಅನ್ನೋ ಕಾರ್ಟೂನಿನ ಹಾಡಿಗೆ ಇಡೀ ಸೀಸನ್ ಆಡಿದ್ದ. ಒಲಿಂಪಿಕ್ಸ್ ಬಾಗಿಲಿಗೆ ಬಂದಾಗ ಈ ಹಾಡಿಗೆ ಪರವಾನಗಿ ಇಲ್ಲ ಅಂದ್ರು. ಜಗತ್ತೆಲ್ಲ ಗದ್ದಲ ಆಗಿ, ಕಡೀಗೆ ಒಪ್ಪಿಗಿ ಸಿಕ್ಕು, ಹುಡುಗ ಆಡಿದ. ಅವನ ಜೀವ ಎಷ್ಟು ಹೈರಾಣ ಆಗಿರಬೇಕು, ಅದು ನನಗೂ ಗೊತ್ತಾಗ್ತದ. ಆದ್ರ ನಾ ಕೂಸಿಗೆ ಎಲ್ಲಿ ಕೇಳ್ದೆ? ಟಿಕೆಟ್ ಹರಿದವರಿಗೆ ಕೇಳಲತ್ತೀನಿ. ಅಲ್ಲೂ ಅಷ್ಟೇ, ಟೀವಿ ರೊಕ್ಕ ಎಣಸೋರು ಆರಾಮ ಕೂಡ್ತಾರ, ನಡುವ ಸಿಕ್ಕೊಳ್ಳೋರು ಗಾಲಿ ಕಟ್ಟಿದವ, ಪೇಟಿ ಬಾರಿಸಿದವ.

ವಕೀಲ ಗೆಳೆಯಂಗ ರಾತ್ರಿ ಹನ್ನೊಂದಕ್ಕ ಫೋನ್ ಹಚ್ಚಿದೆ. ಮೊದಲ ಬೈದ. ಆಮ್ಯಾಲ ಹೇಳ್ದ: 1957ರ ಕಾಪಿರೈಟ್ ಕಾಯ್ದಿಯಾಗ ಮದವಿ ಮೆರವಣಿಗಿಗೆ ವಿನಾಯಿತಿ ಅದ, ಸಾಲಿ ಕಾರ್ಯಕ್ರಮಕ್ಕ ಬರೇ ಹುಡುಗರು, ಮಾಸ್ತರು, ತಾಯಿ-ತಂದಿ ಇದ್ರ ಅದಕ್ಕೂ ವಿನಾಯಿತಿ ಅದ. ಟಿಕೆಟ್ ಮಾರಿ, ಫ್ಲೆಕ್ಸ್ ಕಟ್ಟಿ, ಲೈವ್ ಬಿಟ್ರ ಆ ಮಾತು ನಡಿಯಂಗಿಲ್ಲ ಅಂದ. ನುಡಿಸಿದವರಿಗೂ ರಾಯಲ್ಟಿ ಬರಬೇಕು ಅಂತ 2012ರಾಗ ತಿದ್ದುಪಡಿನೂ ಆಗ್ಯದಂತ. “ಕೇಸ್ ಹಾಕ್ತಿ ಏನು?” ಅಂದ. ಅವನ ಫೀಸಿನಾಗ ನಾಲ್ಕು ಹೊಸ ಪೇಟಿ ಬರ್ತಾವ, ಬಿಡ್ರಿ.

ಇನ್ನೊಂದು ಮಾತು ಹೇಳದೇ ಇದ್ರ ನಾ ಸುಳ್ಳ ಆಗ್ತೀನಿ. ಮೂರು ವರ್ಷದ ಹಿಂದ ಇದೇ ಅಕ್ಕನ ಮಗಳಿಗೆ ಎರಡು ನಿಮಿಷದ ಹಾಡು ಬೇಕಾಗಿತ್ತು. ಯೂಟ್ಯೂಬಿನಾಗ ಒಂದು ಶಹನಾಯಿ ಸಿಕ್ತು, ಮೊಬೈಲಿನಾಗೇ ಕತ್ತರಿಸಿ ಕೊಟ್ಟೆ. ಆಲಾಪ ಉದ್ದ ಆಯ್ತು ಅಂತ ಪೂರಾ ತಗದ್ದೆ. ಊದಿದವನ ಹೆಸರು ಕೆಳಗ ಬರದಿತ್ತೋ ಇಲ್ಲೋ, ನೋಡಲೂ ಇಲ್ಲ. ನಿನ್ನಿ ರಾತ್ರಿ ಎದ್ದು ಕೂತು ಹುಡುಕಿದೆ. ಆ ವಿಡಿಯೋನೇ ಈಗ ಇಲ್ಲ. ಆತ ಯಾವ ಊರಾಗ ಎಷ್ಟು ಶಾಲು ಇಟ್ಕೊಂಡು ಕೂತಾನೋ.

ಮುಂಜಾನಿ ಎದ್ದು ಕಾರ್ಯಕ್ರಮದವರ ವಾಟ್ಸ್ಆ್ಯಪಿಗೆ ಬಿಲ್ ಕಳಿಸೀನಿ. ಐದು ಮಂದಿದು, ತಲಾ 500, ಒಟ್ಟು 2,500 ರೂಪಾಯಿ. ಡ್ರೋನಿನವ ತಗೊಂಡಿದ್ದರಾಗ ಅರ್ಧನೂ ಅಲ್ಲ. ಎರಡು ನೀಲಿ ಗೀಟು ಬಿದ್ವು. ಮಧ್ಯಾಹ್ನಕ್ಕ ಉತ್ತರ ಬಂತು:

“ಸರ್, ನಿಮ್ಮದೊಂದು ಫೋಟೊ ಕಳಸ್ರಿ, ಮುಂದಿನ ಪ್ರೋಗ್ರಾಮಿನ ಫ್ಲೆಕ್ಸಿನಾಗ ಹಾಕ್ತೀವಿ. ಶಾಲು ಹೊದ್ದುಕೊಂಡಿದ್ದು ಇದ್ರ ಚಲೋ.”