ಸ್ಪಷ್ಟನೆ: ‘ಬರೀ 12 ವೋಲ್ಟ್’ ಅಂತ ಫ್ಯೂಸ್ ಬಿಡಬೇಡಿ

ಚಿಕ್ಕಮಗಳೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಕ್ಯಾರವಾನ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ, ಒಳಗೇ ಮಲಗಬಹುದಾದ ಗಾಡಿ) ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ: “ಕ್ಯಾರವಾನ್ ಟ್ರೇಲರ್‌ಗೆ ಇನ್ನೊಂದು ಬ್ಯಾಟರಿ ಬೇಕಾ? ಮನೆಯ ಹಳೇ ಇನ್ವರ್ಟರ್ ಬ್ಯಾಟರಿ ಜೋಡಿಸಿ. ಎರಡನ್ನೂ ಮಂಚದ ಕೆಳಗಿಡಿ, ಮಳೆ ತಾಗಲ್ಲ. ಬರೀ 12 ವೋಲ್ಟ್, ಫ್ಯೂಸ್ ಬೇಡ.” ಮಳೆಯ ಮಾತೊಂದು ಬಿಟ್ಟರೆ ಉಳಿದದ್ದೆಲ್ಲ ತಪ್ಪು.

12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯಲ್ಲ, ನಿಜ. ಆದರೆ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ, ಇಲ್ಲವೇ ಪಾಸಿಟಿವ್ ಜೊತೆಗೆ ನೆಗೆಟಿವ್ ಸೇರಿಸಿದ ಗಾಡಿಯ ಲೋಹಕ್ಕೆ ತಾಗಿತೋ, ಕಿಡಿ ಹಾರಿ ಅಲ್ಲೇ ವೆಲ್ಡಿಂಗ್ ಆಗಿಬಿಡಬಹುದು. ಅದಕ್ಕೇ ಬಿಚ್ಚುವಾಗ ಮೊದಲು ನೆಗೆಟಿವ್ ಬಿಚ್ಚುವುದು. ಫ್ಯೂಸ್ ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ ಇರಲಿ. ದೂರ ಹಾಕಿದರೆ ನಡುವಿನ ವೈರಿಗೆ ಕಾವಲೇ ಇಲ್ಲ, ಅಲ್ವಾ?

ನೀರು ಹಾಕುವ (ಲೆಡ್ ಆಸಿಡ್) ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟಾದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಮಳೆ, ಚಳಿ ಅಂತ ಕಿಟಕಿ ಮುಚ್ಚಿ ಮಲಗುವ ನಮ್ಮೂರಲ್ಲಿ ಮಂಚದ ಕೆಳಗೆ ಬೇಡವೇ ಬೇಡ. ಒಳಗೇ ಇಡಬೇಕಾದರೆ ಮುಚ್ಚಿದ ಪೆಟ್ಟಿಗೆ, ಹೊರಕ್ಕೆ ಹೋಗುವ ಗಾಳಿ ಪೈಪು ಬೇಕು.

ಹಳೇದಕ್ಕೆ ಹೊಸದನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಿದರೆ ಹೊಸದೂ ಬೇಗ ಸಾಯುತ್ತದೆ. ಬಗೆ, ಸಾಮರ್ಥ್ಯ, ವಯಸ್ಸು ಮೂರೂ ಒಂದೇ ಇರಲಿ. ಲಿಥಿಯಂ ಜೊತೆ ಲೆಡ್ ಆಸಿಡ್ ನೇರವಾಗಿ ಸೇರಿಸಬೇಡಿ.

ಮೆಸೇಜಿನಲ್ಲಿ ತೂಕದ ಮಾತೇ ಇಲ್ಲ. ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ 50 ಕಿಲೋ ಆಸುಪಾಸು ಬರುತ್ತದೆ. ಅದನ್ನು ಹಿಂದಿನ ಮಂಚದಡಿ ತಳ್ಳಿದರೆ ಹಿಚ್ (ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲಿನ ಭಾರ ಇಳಿಯುತ್ತದೆ, ಟ್ರೇಲರ್ ಬಾಲ ಆಡಿಸುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಅದು ತಮಾಷೆಯಲ್ಲ. ಆಕ್ಸಲ್‌ಗಿಂತ ಮುಂದೆಯೇ ಇಟ್ಟು, ಅಲುಗಾಡದಂತೆ ಪಟ್ಟಿ ಬಿಗಿದು ಬೋಲ್ಟ್ ಹಾಕಿ. ಜಾಗ ದೂರವಾದಷ್ಟೂ ದಪ್ಪ ಕೇಬಲ್ ತಗೊಳ್ಳಿ.