ಮೂರು, ಏಳು, ಹನ್ನೊಂದು ಗಂಟೆ

“ಮೂರು ಗಂಟೆಗೊಂದು, ಏಳು ಗಂಟೆಗೊಂದು, ಹನ್ನೊಂದು ಗಂಟೆಗೊಂದು ಐತೆ ನೋಡ್ರಿ” ಅಂದರು ಡಾಕ್ಟರು.

ಮಾತ್ರೆ ಇರಬೇಕು ಅಂದುಕೊಂಡೆ. “ಊಟಕ್ಕೆ ಮುಂಚೆನಾ, ಆಮೇಲಾ ಸಾರ್?” ಅಂತ ಕೇಳಿದೆ.

ಆಗ ನಾನು ಎಡಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು, ಗೋಡೆ ನೋಡುತ್ತಾ ಮಲಗಿದ್ದೆ. ಗೋಡೆ ಮೇಲೆ ಔಷಧ ಕಂಪನಿಯ ಕ್ಯಾಲೆಂಡರ್, ಅದರಲ್ಲೊಂದು ನಗುವ ಮಗು. ಐವತ್ಮೂರು ವರ್ಷದಲ್ಲಿ ನಾನೇ ನೋಡಿರದ ನನ್ನ ಜಾಗವೊಂದನ್ನು ಪರಿಚಯವಿಲ್ಲದವರೊಬ್ಬರು ಲೈಟ್ ಹಾಕಿ ನೋಡುತ್ತಿದ್ದರು. ಮಗು ನನ್ನನ್ನೇ ನೋಡಿ ನಗುತ್ತಿತ್ತು.

ಡಾಕ್ಟರು ನಗು ತಡೆದುಕೊಂಡು ಬಿಡಿಸಿ ಹೇಳಿದರು. ಅಂಗಾತ ಮಲಗಿಸಿದಾಗ ಆ ಜಾಗವನ್ನು ಗಡಿಯಾರದ ಮುಖ ಅಂತ ಲೆಕ್ಕ ಹಿಡಿಯುತ್ತಾರಂತೆ. ಮೂಲವ್ಯಾಧಿಯ ಗಂಟುಗಳು ಸಾಮಾನ್ಯವಾಗಿ ಮೂರು, ಏಳು, ಹನ್ನೊಂದರ ಹತ್ತಿರವೇ ಎದ್ದು ನಿಲ್ಲುತ್ತವಂತೆ. ನನಗೆ ಮೂರೂ ಕಡೆ ಎದ್ದಿದ್ದವು. ಒಂದೂ ಬಾಕಿ ಇರಲಿಲ್ಲ.

ಬಾಕಿ ಅಂದೆ ಅಲ್ವಾ, ಅದು ಕಸುಬಿನ ಮಾತು. ನಾನು ದಾವಣಗೆರೆ ಚೌಕಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತಾರು ವರ್ಷದಿಂದ ಗಾದಿ ಮೇಲೆ ಕೂತೇ ಇದ್ದೇನೆ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ. ನೀರು ಕುಡಿಯುವುದು ಮಿರ್ಚಿ ನೆತ್ತಿಗೇರಿದಾಗ ಮಾತ್ರ. ಖಾರದಿಂದಲೇ ಈ ರೋಗ ಬರುತ್ತೆ ಅಂತ ಊರೆಲ್ಲ ಹೇಳುತ್ತೆ. ಡಾಕ್ಟರು ಮಿರ್ಚಿಯನ್ನು ಅಷ್ಟಾಗಿ ಬೈಯಲಿಲ್ಲ. ಸೊಪ್ಪು ತರಕಾರಿ ಇಲ್ಲದ ಊಟ, ಕಡಿಮೆ ನೀರು, ಅದರಿಂದ ಆಗುವ ಮಲಬದ್ಧತೆ, ಆಮೇಲೆ ಕಕ್ಕಸಿನಲ್ಲಿ ತಿಣುಕಾಟ, ಇವನ್ನೆಲ್ಲ ಬೈದರು. “ಅಲ್ಲಿಗೆ ಮೊಬೈಲ್ ತಗೊಂಡು ಹೋಗ್ತೀರೇನ್ರಿ?” ಅಂತ ಕೇಳಿದರು. ಇಲ್ಲ ಅನ್ನುವಷ್ಟರಲ್ಲಿ ಹೆಂಡತಿ “ಚಾರ್ಜರೂ ತಗೊಂಡು ಹೋಗ್ತಾರೆ ಸಾರ್” ಅಂದಳು.

ಶುರುವಾಗಿ ನಾಲ್ಕು ವರ್ಷವಾಗಿತ್ತು. ಮೊದಲ ಸಲ ಕೆಂಪು ಕಂಡಾಗ ಬೀಟ್‌ರೂಟ್ ಪಲ್ಯದ ಪ್ರಭಾವ ಅಂದುಕೊಂಡೆ. ಎರಡನೇ ಸಲವೂ ಹಾಗೇ ಅಂದುಕೊಂಡೆ. ಮನೆಗೆ ಬೀಟ್‌ರೂಟ್ ತಂದು ವರ್ಷವಾಯಿತು ಅಂತ ತಿಳಿದದ್ದು ಆಮೇಲೆ. ನೋವಂತೂ ಇರಲಿಲ್ಲ. ಒಳಗಿನ ಮೂಲವ್ಯಾಧಿಗೆ ನೋವು ಕಡಿಮೆಯಂತೆ, ಸುಮ್ನೆ ರಕ್ತ ಹೋಗುತ್ತೆ. ನೋವಿಲ್ಲದ ಸಾಲದ ಹಾಗೆ ಅದನ್ನು ಮುಂದಕ್ಕೆ ತಳ್ಳುತ್ತಾ ಬಂದೆ.

ಋಷಿಮೂಲ, ನದಿಮೂಲ ಕೇಳಬಾರದು ಅಂತಾರೆ. ನನ್ನ ಮೂಲವನ್ನು ಮಾತ್ರ ನೆಂಟರೆಲ್ಲ ಕೇಳಿದರು. ಹೇಳಿದ್ದು ಒಬ್ಬ ಭಾಮೈದನಿಗೆ, ಅದೂ ದೇವರ ಮೇಲೆ ಆಣೆ ಹಾಕಿಸಿಕೊಂಡು. ಒಂದು ವಾರದೊಳಗೆ ಹರಿಹರದ ಚಿಕ್ಕಮ್ಮ ಸುವರ್ಣಗಡ್ಡೆ ಕಳಿಸಿದರು. ಅತ್ತೆ ಮೂಲಂಗಿ ರಸ ಹಿಂಡಿದರು. ಇನ್ನೊಬ್ಬರು ಮುಟ್ಟಿದರೆ ಮುನಿ ಗಿಡದ ಕಷಾಯ ಹೇಳಿದರು. ರೋಗಕ್ಕೂ ಮದ್ದಿಗೂ ಒಂದೇ ಹೆಸರಿಡಬಹುದು ಅಂತ ಆಗ ಅನಿಸಿತು. ಬರೀ ಮಜ್ಜಿಗೆ ಕುಡಿದು ಒಂದು ತಿಂಗಳು ಕಳೆದೆ. ಅದು ಸ್ವಲ್ಪ ಹಿತವಾಗಿತ್ತು, ಸುಳ್ಳು ಹೇಳಬಾರದು. ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸಿದ “ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ” ಚೀಟಿಯ ನಂಬರನ್ನೂ ಬರೆದುಕೊಂಡಿದ್ದೆ. ಫೋನ್ ಮಾಡಲು ಧೈರ್ಯ ಬರಲಿಲ್ಲ. ನನ್ನ ಜೀವನದಲ್ಲಿ ಪುಕ್ಕಲುತನದಿಂದ ಆದ ದೊಡ್ಡ ಲಾಭ ಅದು.

ಕೊನೆಗೆ ನಿರ್ಧಾರ ಮಾಡಿದ್ದು ನಾನಲ್ಲ, ಅಂಗಡಿಯ ಮೆಟ್ಟಿಲು. ಮೇಲಿನ ಗೋಡೌನಿಗೆ ಹದಿನಾಲ್ಕು ಮೆಟ್ಟಿಲಿವೆ. ಒಂಬತ್ತನೆಯದರಲ್ಲಿ ಕಣ್ಣು ಕತ್ತಲೆ ಬಂದು ಪಂಚೆಗಳ ಬಂಡಲ್ ಮೇಲೆ ಕುಸಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಗಂಡಸರಿಗೆ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತಾರೆ. ಡಾಕ್ಟರು ನೇರ ಆಪರೇಷನ್ ಅನ್ನಲಿಲ್ಲ. ಮೊದಲು ಕೊಲೊನೋಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ, ಮಾಡಿಸಿದರು. ರಕ್ತ ಬಂತು ಅಂದರೆ ಮೂಲವ್ಯಾಧಿಯೇ ಅಂತ ಕಣ್ಣು ಮುಚ್ಚಿ ನಂಬಬಾರದಂತೆ, ಅದೂ ಈ ವಯಸ್ಸಿನಲ್ಲಿ. ಕರುಳಿನಲ್ಲಿ ಕ್ಯಾನ್ಸರ್ ಇದ್ದರೂ ಹೀಗೇ ಕಾಣಿಸಬಹುದು. ರಿಪೋರ್ಟ್ ಬರುವ ತನಕದ ಎರಡು ದಿನ ನಾನು ತಮಾಷೆ ಮಾಡಲಿಲ್ಲ.

ಬೇರೇನೂ ಇರಲಿಲ್ಲ. ಬರೀ ಮೂರನೇ ಹಂತದ ಮೂಲವ್ಯಾಧಿ. ತಾವಾಗಿ ಒಳಗೆ ಹೋಗದವು, ಕೈಯಿಂದ ತಳ್ಳಿದರೆ ಮಾತ್ರ ಹೋಗುವವು. “ನಾಲ್ಕನೇ ಹಂತದಲ್ಲಿ ತಳ್ಳಿದರೂ ಹೋಗಲ್ಲ” ಅಂದರು ಡಾಕ್ಟರು. ನಮ್ಮ ಭಾಮೈದ ಯಾವ ಹಂತ ಅಂತ ಆಗ ಗೊತ್ತಾಯಿತು.

ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಆಗಲೂ ನಮ್ಮ ಮನೆಯಲ್ಲಿ ನನ್ನ ಆಪರೇಷನ್ ಬಗ್ಗೆ ನಡೆದಷ್ಟು ಚರ್ಚೆ ನಡೆದಿರಲಿಲ್ಲ. ಲೇಸರ್ ಅಂದ ಒಬ್ಬ. ಸ್ಟೇಪ್ಲರ್ ಅಂದ ಇನ್ನೊಬ್ಬ. ಅಂಗಡಿಯಲ್ಲಿ ಬಿಲ್ಲಿಗೆ ಪಿನ್ ಹೊಡೆಯುವ ಸ್ಟೇಪ್ಲರ್ ನೆನಪಾಗಿ ನನ್ನ ಮೈ ಜುಮ್ಮೆಂದಿತು. ಅದು ಬೇರೆ ಯಂತ್ರ, ಒಬ್ಬರಿಗೆ ಬಳಸಿ ಎಸೆಯುವಂಥದ್ದು, ಅದಕ್ಕೇ ದುಬಾರಿ ಅಂತ ಡಾಕ್ಟರು ತಿಳಿಸಿದರು. ನನಗೆ ಆರಿಸಿದ್ದು ಹಳೇ ಪದ್ಧತಿ. ಲಂಡನ್ನಿನ ಮಿಲಿಗನ್, ಮಾರ್ಗನ್ ಎಂಬ ಇಬ್ಬರು ಸರ್ಜನ್‌ಗಳು 1937ರಲ್ಲಿ ಬರೆದಿಟ್ಟದ್ದು. ಗಂಟು ಕತ್ತರಿಸಿ, ಬುಡ ಕಟ್ಟಿ, ಗಾಯವನ್ನು ತೆರೆದೇ ಬಿಡುತ್ತಾರೆ. ಅದು ತಾನೇ ಮಾಯಬೇಕು.

“ಹೊಲಿಗೆ ಹಾಕಲ್ವಾ ಸಾರ್?” ಅಂದೆ. ಬಟ್ಟೆ ಅಂಗಡಿಯವನಿಗೆ ಕತ್ತರಿಸಿ ಹಾಗೇ ಬಿಡೋದು ಅಂದರೆ ಸಂಕಟ.

ಇನ್ನು ಟಬ್ಬಿನ ವಿಷಯ. ಆಪರೇಷನ್ ಆದಮೇಲೆ ದಿನಕ್ಕೆ ಮೂರು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕೂರಬೇಕು, ಅಗಲವಾದ ಟಬ್ ತಂದಿಟ್ಟುಕೊಳ್ಳಿ ಅಂದಿದ್ದರು. ಮಂಡಿಪೇಟೆ ಕಡೆಯ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಹೋದೆ. “ಎಷ್ಟು ದೊಡ್ಡದು ಬೇಕ್ರಿ?” ಅಂದ ಹುಡುಗ. ಅಳತೆ ಹೇಗೆ ಹೇಳೋದು? ಅಂಗಿಗೆ ಅಳತೆ ಇದೆ, ಪ್ಯಾಂಟಿಗೆ ಇದೆ. ಹುಡುಗ ಆ ಕಡೆ ತಿರುಗಿದಾಗ ಒಂದು ನೀಲಿ ಟಬ್ಬಿನಲ್ಲಿ ಮೆಲ್ಲಗೆ ಕೂತು ನೋಡಿದೆ. ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ ಏಳುವಾಗ ಅದೂ ನನ್ನ ಜೊತೆ ಎದ್ದಿತು. ಹುಡುಗ ಬಂದು ಎರಡೂ ಕೈಯಲ್ಲಿ ಎಳೆದು ಬಿಡಿಸಿದ. “ಮಗು ಎಷ್ಟು ತಿಂಗಳದು ಸಾರ್?” ಅಂದ. ಟಬ್ಬಿನ ಮೇಲೆ ಹಳದಿ ಬಾತುಕೋಳಿಯ ಚಿತ್ರವಿತ್ತು.

ಅದನ್ನು ತಲೆ ಮೇಲೆ ಹೊತ್ತು ಮನೆಗೆ ಬರುವುದನ್ನು ಎದುರುಮನೆ ಅಜ್ಜಿ ನೋಡಿದರು. ನನ್ನ ಮಗಳಿಗೆ ಮದುವೆಯಾಗಿ ಎಂಟು ತಿಂಗಳು. ರಾತ್ರಿ ಒಂಬತ್ತಕ್ಕೆ ರಾಣೆಬೆನ್ನೂರಿನಿಂದ ಮಗಳ ಫೋನ್: “ಅಪ್ಪಾ, ನಮ್ಮತ್ತೆಗೆ ಯಾರೋ ಶುಭಾಶಯ ಹೇಳಿದ್ರಂತೆ. ನನಗೇ ಗೊತ್ತಿಲ್ಲದ ಸುದ್ದಿ ನಿಮಗೆ ಯಾರು ಹೇಳಿದ್ರು?”

ಆಪರೇಷನ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಬೆನ್ನುಮೂಳೆಗೆ ಸೂಜಿ ಕೊಟ್ಟರು. ಸೊಂಟದಿಂದ ಕೆಳಗೆ ನಾನು ಇಲ್ಲವಾದೆ. ಯಾರದೋ ಎರಡು ಕಾಲುಗಳನ್ನು ಮೇಲೆತ್ತಿ ಕಟ್ಟಿದರು, ನೋಡಿದರೆ ನನ್ನವೇ. ಮಧ್ಯೆ ಪರದೆ. ಪರದೆಯಾಚೆ ಡಾಕ್ಟರು, ಅರಿವಳಿಕೆ ಡಾಕ್ಟರು ಬೆಣ್ಣೆ ದೋಸೆ ಎಲ್ಲಿ ಚೆನ್ನ ಅಂತ ವಾದ ಮಾಡುತ್ತಿದ್ದರು. ನಡುವೆ “ಮೂರು ಗಂಟೆದು ಮುಗೀತು, ಏಳಕ್ಕೆ ಹೋಗಾಣ” ಅಂತ ಕೇಳಿಸಿತು. ನಾಲ್ಕು ಗಂಟೆ ಇಷ್ಟು ಬೇಗ ಕಳೆದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಕಾಲಿಗೆ ಜೀವ ಬಂತು, ಆದರೆ ಮೂತ್ರ ಬರಲಿಲ್ಲ. ಆ ಸೂಜಿಯ ನಂತರ ಹೀಗಾಗುವುದುಂಟಂತೆ. ಸಿಸ್ಟರ್ ಬಂದು ಬಾತ್‌ರೂಮಿನ ನಲ್ಲಿ ತಿರುಗಿಸಿಟ್ಟರು, ಸದ್ದು ಕೇಳಿದರೆ ಬರುತ್ತೆ ಅಂತ. ಹೊರಗಿನಿಂದ ನನ್ನ ಹೆಂಡತಿ, ಅತ್ತೆ, ಭಾಮೈದ ಮೂವರೂ “ಬಂತಾ?” ಅಂತ ಪಾಳಿ ಪ್ರಕಾರ ಕೇಳುತ್ತಿದ್ದರು. ಮುಕ್ಕಾಲು ಗಂಟೆಗೆ ಬಂತು. ಭಾಮೈದ ಚಪ್ಪಾಳೆ ತಟ್ಟಿದ.

ಮರುದಿನ ಮನೆಗೆ ಹೊರಟೆವು. ಆಟೋದಲ್ಲಿ ಕೂರುವ ಪ್ರಶ್ನೆಯೇ ಇಲ್ಲ. ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ಮುಖ ಮಾಡಿ, ಹುಡ್‌ನ ಕಂಬಿ ಹಿಡಿದುಕೊಂಡೆ. ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ಅದು ಯಾವಾಗ ತೆರೆದಿರುತ್ತಿತ್ತು ಹೇಳಿ. ಆಟೋದ ಹಿಂದಿನ ಪುಟ್ಟ ಪ್ಲಾಸ್ಟಿಕ್ ಕಿಟಕಿಯಲ್ಲಿ ನನ್ನ ಮುಖ, ಆಚೆಗೆ ಸಾಲಾಗಿ ನಿಂತ ಸ್ಕೂಟರ್‌ಗಳು. ಮೊದಲ ಸ್ಕೂಟರ್‌ನಲ್ಲಿ ನಮ್ಮ ಅಂಗಡಿಯ ಹಳೇ ಗಿರಾಕಿ. ಗುರುತು ಹಿಡಿದು ಕೈ ಎತ್ತಿದರು. ನಾನೂ ಎತ್ತಿದೆ. ಗೂಡ್ಸ್ ಗಾಡಿ, ಉದ್ದನೆಯದು. ಅಷ್ಟು ಹೊತ್ತೂ ಒಬ್ಬರನ್ನೊಬ್ಬರು ನೋಡುತ್ತಾ, ಆಗಾಗ ಮುಗುಳ್ನಗುತ್ತಾ ಇದ್ದೆವು. ಬೇರೆ ಕಡೆ ತಿರುಗಲು ಇಬ್ಬರಿಗೂ ಜಾಗವಿರಲಿಲ್ಲ.

ಮೂರನೇ ದಿನದ ಬೆಳಗ್ಗೆಯ ಬಗ್ಗೆ ಯಾರೂ ಮುಂಚೆ ಸರಿಯಾಗಿ ಹೇಳಿರಲಿಲ್ಲ. ಆಪರೇಷನ್‌ಗೆ ಹೆದರಿದ್ದೆ. ಹೆದರಬೇಕಾಗಿದ್ದು ಇದಕ್ಕೆ. ಎರಡು ದಿನ ಬರೀ ಗಂಜಿ, ಪಪ್ಪಾಯಿ, ಇಸಬ್‌ಗೋಲ್. ರಾತ್ರಿ ಸಿಹಿಯಾದ ಸಿರಪ್ಪು, ಮಲ ಮೆತ್ತಗಾಗಲಿ ಅಂತ. ಅತ್ತೆ ದೇವರ ಮನೆಯಲ್ಲಿ ದುಗ್ಗಮ್ಮನಿಗೆ ತುಪ್ಪದ ದೀಪ ಹಚ್ಚಿದರು. ನಾನು ಒಳಗೆ ಹೋಗಿ ಚಿಲಕ ಹಾಕಿದೆ. ಮುಂದಿನದು ಒಡೆದ ಬಾಟಲಿ ಮತ್ತು ಒಣಮೆಣಸಿನಕಾಯಿಗೆ ಸಂಬಂಧಿಸಿದ ಅನುಭವ. ಕಿರುಚಬಾರದು ಅಂತ ಬಾಯಿಗೆ ಟವೆಲ್ ಕಚ್ಚಿಕೊಂಡಿದ್ದೆ. ಆದರೂ ಬೀದಿಯ ನಾಯಿ ಬೊಗಳಿತು. ಹೊರಬಂದು ನೋಡಿದರೆ ಹೆಂಡತಿಯ ಕಣ್ಣಲ್ಲಿ ನೀರು. ಅಳುತ್ತಿದ್ದಳಾ, ನಕ್ಕು ನಕ್ಕು ಬಂದಿತ್ತಾ, ಇವತ್ತಿಗೂ ಹೇಳಿಲ್ಲ.

ಆಮೇಲೆ ಬಾತುಕೋಳಿ ಟಬ್. ಆ ಬೆಚ್ಚನೆ ನೀರಿಗೆ ಇಳಿದಾಗಿನ ಸುಖ ಇದೆಯಲ್ಲ, ಅದನ್ನು ನಾನು ಯಾವ ಬೆಣ್ಣೆ ದೋಸೆಗೂ ಬಿಟ್ಟುಕೊಡಲಾರೆ. ಬಿಗಿದುಕೊಂಡಿದ್ದ ಸ್ನಾಯು ಸಡಿಲವಾಗಿ ಉಸಿರು ಹೊಟ್ಟೆಗಿಳಿಯುತ್ತದೆ. ಹದಿನೈದು ನಿಮಿಷ ಅಂತ ಹೋದವನು ಮುಕ್ಕಾಲು ಗಂಟೆ ಕೂತಿರುತ್ತಿದ್ದೆ. ಮೊಬೈಲ್ ಮಾತ್ರ ಹೆಂಡತಿಯ ಸೆರಗಿನ ಗಂಟಿನಲ್ಲಿ.

ನೋಡಲು ಬಂದವರಿಗೆಲ್ಲ ಸೊಂಟ ಹಿಡಿದಿದೆ ಅಂತ ಹೇಳಿದ್ದೆವು. ಬಂದವರು ನಿಂತಿದ್ದ ನನ್ನನ್ನು ನೋಡಿ “ಅಯ್ಯೋ, ಕೂತ್ಕೊಳ್ರಿ, ಕೂತ್ಕೊಳ್ರಿ” ಅನ್ನುತ್ತಿದ್ದರು. ಒಬ್ಬರಂತೂ ಹೆಗಲು ಹಿಡಿದು ಒತ್ತಿ ಕೂರಿಸಿಯೇ ಬಿಟ್ಟರು. ನಾನು ಕೂತ ವೇಗಕ್ಕಿಂತ ಎದ್ದ ವೇಗ ಜಾಸ್ತಿ ಇತ್ತು. ಸೊಂಟ ವಾಸಿಯಾಗಿದೆ ಅಂತ ಅವರು ಖುಷಿಪಟ್ಟರು.

ಆರನೇ ವಾರಕ್ಕೆ ಗಾದಿ ಏರಿದೆ. ಸಂಜೆ ಸಾಹುಕಾರರು ಒಳಗೆ ಕರೆದು ಬಾಗಿಲು ಹಾಕಿದರು. “ನಮ್ಮ ದೂರದ ನೆಂಟರೊಬ್ರಿಗೆ ಸ್ವಲ್ಪ ಅದೇ ತೊಂದ್ರೆ ಐತೆ. ಡಾಕ್ಟರ್ ನಂಬರ್ ಕೊಡ್ರಿ” ಅಂದರು. ಹೇಳುವಾಗ ಅವರು ಎಡಗಡೆಯ ಭಾರವನ್ನೆಲ್ಲ ಬಲಗಡೆಗೆ ಹಾಕಿ ಕೂತಿದ್ದರು. ನಂಬರ್ ಕೊಟ್ಟೆ. ಟಬ್ಬನ್ನೂ ಕೊಟ್ಟೆ. ಅಲ್ಲಿಂದ ಅದು ಇನ್ನೂ ಮೂರು ಮನೆಯ ದೂರದ ನೆಂಟರಿಗೆ ಹೋಗಿದೆ ಅಂತ ಕೇಳಿದ್ದೇನೆ.

ಈ ವರ್ಷ ಮಗಳಿಗೆ ನಿಜವಾಗಲೂ ಐದನೇ ತಿಂಗಳು. ಹೆರಿಗೆಗೆ ಇಲ್ಲಿಗೇ ಬರುತ್ತಾಳೆ. ಹೋದ ಭಾನುವಾರ ಹೆಂಡತಿ ಹೊಸ ಟಬ್ ತರಲು ಕಳಿಸಿದಳು. ಅದೇ ಅಂಗಡಿ, ಅದೇ ಹುಡುಗ. ಗುಲಾಬಿ ಬಣ್ಣದ್ದೊಂದನ್ನು ತೋರಿಸಿ, ಇದೇ ಇರಲಿ, ಕಟ್ಟಿಬಿಡು ಅಂದೆ.

ಹುಡುಗ ಟಬ್ಬನ್ನು ನೆಲದ ಮೇಲಿಟ್ಟು, ಸ್ವಲ್ಪ ದೂರ ಸರಿದು ನಿಂತ.

“ಯಾಕ್ ಸಾರ್, ಈ ಸಲ ಕೂತು ನೋಡಲ್ಲೇನ್ರಿ?”